ಸಿಸಿ ಹೆಚ್ಚಿದ್ದರೆ ಕಾರು ವೇಗವೇ? ಕಾಲಿನ್ ಚಾಪ್‌ಮನ್ ಹಾಕಿದ ಬೇರೆ ಲೆಕ್ಕ

ಬೈಕಾಗಲಿ ಕಾರಾಗಲಿ, ನಾವು ಮೊದಲು ಕೇಳುವುದು ಒಂದೇ: ಎಷ್ಟು ಸಿಸಿ? ಸಿಸಿ ಹೆಚ್ಚಿದ್ದಷ್ಟೂ ವೇಗ ಹೆಚ್ಚು ಎಂಬ ಮಾತು ಅರ್ಧ ಸತ್ಯ. ಉಳಿದರ್ಧವನ್ನು ರೇಸ್ ಟ್ರ್ಯಾಕಿನಲ್ಲಿ ತೋರಿಸಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್.

1928ರಲ್ಲಿ ಹುಟ್ಟಿದ ಚಾಪ್‌ಮನ್ ಲಂಡನ್ನಿನಲ್ಲಿ ಓದಿದ್ದು ಸ್ಟ್ರಕ್ಚರಲ್ ಎಂಜಿನಿಯರಿಂಗ್. ಯಾವ ಕಂಬಿ ಎಷ್ಟು ಭಾರ ತಡೆಯುತ್ತದೆ ಎಂಬ ಆ ಲೆಕ್ಕವನ್ನೇ ಕಾರಿಗೆ ತಂದರು. ಹಳೆಯ ಆಸ್ಟಿನ್ 7 ಕಾರನ್ನು ಬಿಚ್ಚಿ ಕಟ್ಟಿದ್ದು ಅವರ ಮೊದಲ ಕಾರು. 1952ರಲ್ಲಿ ಲೋಟಸ್ ಕಂಪನಿ ಶುರುವಾಯಿತು.

ಆಗ ಹೊಸ ಚಾಲಕರಿಗೆಂದು ಫಾರ್ಮುಲಾ ಜೂನಿಯರ್ ಎಂಬ ಒಂಟಿ ಸೀಟಿನ ರೇಸ್ ಇತ್ತು. ಎಂಜಿನ್ ಮಾಮೂಲಿ ರಸ್ತೆ ಕಾರಿನದೇ ಇರಬೇಕು. 1100 ಸಿಸಿ ಆದರೆ ಕಾರಿನ ತೂಕ ಕನಿಷ್ಠ 400 ಕೆಜಿ, 1000 ಸಿಸಿ ಆದರೆ 360 ಕೆಜಿ. ಎಲ್ಲರ ಎಂಜಿನ್ನೂ ಹೆಚ್ಚುಕಡಿಮೆ ಒಂದೇ ಆದಾಗ ಗೆಲ್ಲುವುದು ಹೇಗೆ?

1960ರ ಲೋಟಸ್ 18 ಅದಕ್ಕೆ ಉತ್ತರ. ತೆಳು ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದ ಚೌಕಟ್ಟು. ನಾಲ್ಕು ಕಡ್ಡಿ ಕಟ್ಟಿದ ಚೌಕವನ್ನು ಒತ್ತಿ ನೋಡಿ, ವಾಲುತ್ತದೆ. ಮೂರು ಕಡ್ಡಿಯ ತ್ರಿಕೋನ ವಾಲುವುದಿಲ್ಲ. ಹಾಗಾಗಿ ಕಡಿಮೆ ಲೋಹದಲ್ಲೇ ಗಟ್ಟಿತನ. ಫೋರ್ಡ್ ಆಂಗ್ಲಿಯಾದ 997 ಸಿಸಿ ಎಂಜಿನ್ ಚಾಲಕನ ಹಿಂದೆ. ಎಂಜಿನ್ ಮುಂದಿದ್ದರೆ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಶಾಫ್ಟ್ ಬೇಕು. ಅದು ಹೋಯಿತು, ಚಾಲಕ ಇನ್ನೂ ತಗ್ಗಿನಲ್ಲಿ ಕೂತ, ಗಾಳಿಯ ತಡೆ ಇಳಿಯಿತು.

ಹಗುರವಾದರೆ ಲಾಭ ಮೂರು ಕಡೆ: ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ, ತಿರುವಿನಲ್ಲಿ ಟೈರಿಗೆ ಹೊರೆ ಕಡಿಮೆ. ದೊಡ್ಡ ಎಂಜಿನ್ ಕೊಡುವುದು ಮೊದಲನೆಯದನ್ನು ಮಾತ್ರ. ಇಬ್ಬರು ಕೂತ ಸ್ಕೂಟರ್ ಏರಿನಲ್ಲಿ ಏದುಸಿರು ಬಿಡುವುದನ್ನು ನಾವೆಲ್ಲ ಕಂಡಿದ್ದೇವೆ.

ಸ್ಕಾಟ್ಲೆಂಡಿನ ರೈತ ಜಿಮ್ ಕ್ಲಾರ್ಕ್ ಜೂನಿಯರ್ ರೇಸ್‌ಗಳಲ್ಲಿ ಗೆದ್ದದ್ದು ಈ ಕಾರಿನಲ್ಲೇ. ಇದೇ ವಿನ್ಯಾಸಕ್ಕೆ ದೊಡ್ಡ ಎಂಜಿನ್ ಕೂರಿಸಿ, 1960ರ ಮೇ ತಿಂಗಳಲ್ಲಿ ಸ್ಟರ್ಲಿಂಗ್ ಮಾಸ್ ಮೊನಾಕೋ ಗ್ರ್ಯಾನ್ ಪ್ರಿಯನ್ನೂ ಗೆದ್ದರು.

ಮುಂದಿನ ತಿಂಗಳು ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಅಭ್ಯಾಸದ ವೇಳೆ ಮಾಸ್ ಕಾರಿನ ಹಿಂಚಕ್ರ ಕಳಚಿತು. ಅವರ ಎರಡೂ ಕಾಲು ಮುರಿದವು. ಅದೇ ದಿನ ಮೈಕ್ ಟೇಲರ್ ಓಡಿಸುತ್ತಿದ್ದ ಮತ್ತೊಂದು ಲೋಟಸ್ 18ರ ಸ್ಟೀರಿಂಗ್ ಕಂಬವೇ ತುಂಡಾಯಿತು. ಅವರ ರೇಸ್ ಬದುಕು ಅಲ್ಲಿಗೆ ಮುಗಿಯಿತು. ತೂಕ ಇಳಿಸುವ ಲೆಕ್ಕ ಸರಿಯಿತ್ತು, ತಪ್ಪಿಗೆ ಬಿಟ್ಟ ಜಾಗ ಸಾಲಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಈ ಆಕ್ಷೇಪ ಚಾಪ್‌ಮನ್‌ರನ್ನು ಕೊನೆಯವರೆಗೂ ಬಿಡಲಿಲ್ಲ.

ಅವರೂ ಹಗುರತನ ಬಿಡಲಿಲ್ಲ. 1962ರ ಲೋಟಸ್ 25ರಲ್ಲಿ ಕೊಳವೆಗಳೇ ಇಲ್ಲ. ಮೊಟ್ಟೆಯ ಚಿಪ್ಪಿನಂತೆ ಹೊರಗಿನ ತಗಡೇ ಭಾರ ಹೊರುತ್ತದೆ. ಇನ್ನೂ ಹಗುರ, ಆದರೆ ಹೆಚ್ಚು ಗಟ್ಟಿ. ಅದರಲ್ಲಿ ಕ್ಲಾರ್ಕ್ 1963ರ ವಿಶ್ವ ಚಾಂಪಿಯನ್ ಆದರು.

ಅಂದಹಾಗೆ, ಚಾಪ್‌ಮನ್ ಸತ್ತಿಲ್ಲ, ಬ್ರೆಜಿಲ್‌ಗೆ ಓಡಿಹೋದರು ಎಂಬ ಕತೆ ನಿಮಗೂ ಬಂದಿರಬಹುದು. ಅದು ಸುಳ್ಳು. 1982ರ ಡಿಸೆಂಬರ್ 16ರಂದು, 54ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ಅವರು ತೀರಿಕೊಂಡರು.