ಇಂದಿನ ಧಮ್ಮ ಚಿಂತನೆ: ವಕ್ಕಲಿ ಥೇರರು



ಬಂಧುಗಳೇ, ವಕ್ಕಲಿ ಶ್ರಾವಸ್ತಿಯ ಬ್ರಾಹ್ಮಣ ಮನೆತನದವರು, ವೇದ ಕಲಿತವರು. ಒಂದು ದಿನ ಬುದ್ಧರನ್ನು ಕಂಡರು, ಕಣ್ಣು ಕೀಳಲಾಗಲಿಲ್ಲ. ದಿನವೂ ನೋಡುತ್ತಿರಬಹುದೆಂದೇ ಸಂಘ ಸೇರಿದರು. ಊಟ, ಸ್ನಾನದ ಹೊತ್ತು ಬಿಟ್ಟರೆ ಬುದ್ಧರ ಮುಖ ನೋಡುತ್ತ ಕೂರುವುದೇ ಅವರ ಕೆಲಸ. ಧ್ಯಾನವಿಲ್ಲ, ಅಧ್ಯಯನವಿಲ್ಲ.

ಬುದ್ಧರು ಬಹಳ ಕಾಲ ಸುಮ್ಮನಿದ್ದರು. ಕೊನೆಗೆ ದೂರ ಹೋಗುವಂತೆ ಹೇಳಿದರು. ವಕ್ಕಲಿ ಕುಸಿದುಹೋದರು. ಬದುಕೇ ಬೇಡವೆನಿಸಿ ರಾಜಗೃಹದ ಗೃಧ್ರಕೂಟ ಬೆಟ್ಟ ಹತ್ತಿದರು ಎನ್ನುತ್ತವೆ ಅಟ್ಠಕಥೆಗಳು. ತಮ್ಮೊಳಗೆ ಏನನ್ನೂ ಬೆಳೆಸಿಕೊಂಡಿರಲಿಲ್ಲ. ಆ ಮುಖ ಮರೆಯಾದಾಗ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಬುದ್ಧರು ಕೈಬಿಡಲಿಲ್ಲ. ಪ್ರೀತಿಯಿಂದ ಕರೆದು ಧಮ್ಮದ ದಾರಿಗೆ ತಂದರು.

ಸಂಯುತ್ತ ನಿಕಾಯದಲ್ಲಿ ವಕ್ಕಲಿ ಕುಂಬಾರನ ಮನೆಯಲ್ಲಿ ಕಾಯಿಲೆ ಬಿದ್ದಿದ್ದಾರೆ. ಬುದ್ಧರನ್ನು ನೋಡಲು ಹೋಗಲಾಗಲಿಲ್ಲವೆಂಬುದೇ ಕೊರಗು. ಬುದ್ಧರೇ ಅಲ್ಲಿಗೆ ಬಂದು, ಕೊಳೆಯುವ ಈ ದೇಹ ನೋಡಿ ಏನೂ ಸಿಗದು, ಧಮ್ಮವನ್ನು ಕಂಡವರೇ ತಮ್ಮನ್ನು ಕಂಡವರು ಎಂದು ತಿಳಿಹೇಳಿದರು. ವಕ್ಕಲಿಯ ಶ್ರದ್ಧೆಯನ್ನು ಅವರು ಹಗುರ ಮಾಡಲೂ ಇಲ್ಲ; ಶ್ರದ್ಧಾವಂತ ಭಿಕ್ಷುಗಳಲ್ಲಿ ಅಗ್ರರೆಂದು ಹೆಸರಿಸಿದರು.

ಬಾಬಾಸಾಹೇಬರೂ 1943ರಲ್ಲಿ ಪುಣೆಯ ರಾನಡೆ ಭಾಷಣದಲ್ಲಿ, 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ವ್ಯಕ್ತಿಪೂಜೆಯ ಅಪಾಯ ತಿಳಿಸಿದರು.

ನಮ್ಮ ಮನೆಯ ಗೋಡೆಯ ಮೇಲೆ ಬುದ್ಧರೂ ಇದ್ದಾರೆ, ಬಾಬಾಸಾಹೇಬರೂ ಇದ್ದಾರೆ. ಕೈಮುಗಿದಾದ ಮೇಲೆ ಇಂದು ಒಂದು ಪುಟ ಓದೋಣ, ಒಂದು ಶೀಲವನ್ನಾದರೂ ಗಮನವಿಟ್ಟು ಪಾಲಿಸೋಣ.

ಭವತು ಸಬ್ಬ ಮಂಗಲಂ.