ತಕ್ಕಡಿ ಹಿಡಿದ ಇತಿಹಾಸಕಾರ ಡಿ. ಡಿ. ಕೋಸಂಬಿ

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ಸರಾಸರಿಯ ಪಾಠ ಮಾಡಬೇಕಿತ್ತು. ಗಣಿತ ನನ್ನ ವಿಷಯ. ಇತಿಹಾಸವನ್ನು ಎಸ್ಸೆಸ್ಸೆಲ್ಸಿಗೇ ಬಿಟ್ಟವಳು ನಾನು. ಪೀಠಿಕೆಗೆ ಹೊಸದೇನಾದರೂ ಹುಡುಕುವಾಗ ಸಿಕ್ಕವರು ದಾಮೋದರ ಧರ್ಮಾನಂದ ಕೋಸಂಬಿ.

ಅವರು 1907ರಲ್ಲಿ ಗೋವಾದಲ್ಲಿ ಹುಟ್ಟಿದರು. ತಂದೆ ಧರ್ಮಾನಂದರು ಬೌದ್ಧ ವಿದ್ವಾಂಸರು. ಅವರೊಡನೆ ಅಮೆರಿಕಕ್ಕೆ ಹೋದ ಹುಡುಗ 1929ರಲ್ಲಿ ಹಾರ್ವರ್ಡ್ ಪದವಿ ಪಡೆದು ಮರಳಿದ. ಬನಾರಸ್, ಅಲಿಗಢ, ಆಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜು. ಎಲ್ಲ ಕಡೆಯೂ ಕಲಿಸಿದ್ದು ಗಣಿತವನ್ನೇ.

ಸಂಖ್ಯಾಶಾಸ್ತ್ರ ಕಲಿಯಲು ಅವರಿಗೊಂದು ನಿಜವಾದ ಲೆಕ್ಕ ಬೇಕಿತ್ತು. ಆರಿಸಿಕೊಂಡದ್ದು ತಕ್ಷಶಿಲೆಯಲ್ಲಿ ಸಿಕ್ಕ, ಗುರುತು ಒತ್ತಿದ ಬೆಳ್ಳಿ ನಾಣ್ಯಗಳನ್ನು. ಅವುಗಳ ಮೇಲೆ ದೊರೆಯ ಹೆಸರಿಲ್ಲ, ಇಸವಿಯಿಲ್ಲ. ಆದರೆ ಕೈಯಿಂದ ಕೈಗೆ ಹೋದ ನಾಣ್ಯ ಸವೆಯುತ್ತದೆ. ಕೋಸಂಬಿ ಒಂದೊಂದನ್ನೂ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದರು. ಹಿಂಬದಿಯಲ್ಲಿ ಸಣ್ಣ ಗುರುತುಗಳು ಹೆಚ್ಚಿದಷ್ಟೂ ಸರಾಸರಿ ತೂಕ ಇಳಿಯುತ್ತಿತ್ತು. ಚಲಾವಣೆಯಲ್ಲಿದ್ದಾಗ ಆಗಾಗ ಪರೀಕ್ಷಿಸಿ ಒತ್ತಿದ ಗುರುತುಗಳವು ಎಂದು ಅವರು ತರ್ಕಿಸಿದರು. ಯಾವುದು ಹಳತು, ಯಾವುದು ಹೊಸತು ಎಂಬುದಕ್ಕೆ ತೂಕವೇ ಸಾಕ್ಷಿಯಾಯಿತು.

ನಾನೂ ಮಕ್ಕಳಿಂದ ಒಂದು ರೂಪಾಯಿ ನಾಣ್ಯಗಳನ್ನು ತರಿಸಿ, ಪ್ರಯೋಗಾಲಯದ ತಕ್ಕಡಿಯಲ್ಲಿಟ್ಟೆ. ಹಳೆಯವೇ ಹೆಚ್ಚು ತೂಗಿದವು! ಸವೆದದ್ದು ಹಗುರವಾಗಬೇಕಲ್ಲವೇ ಮಿಸ್ ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹಳೆಯ ನಾಣ್ಯವನ್ನು 4.85 ಗ್ರಾಂಗೆ ಟಂಕಿಸುತ್ತಿದ್ದರು, 2011ರಿಂದ ಅದನ್ನು 3.79ಕ್ಕೆ ಇಳಿಸಿದರು ಎಂಬುದು ತಿಳಿದದ್ದು ಅಂದು ರಾತ್ರಿ. ಕೋಸಂಬಿ ಮೊದಲು ನಾಣ್ಯಗಳನ್ನು ಗುರುತು ನೋಡಿ ಗುಂಪು ಮಾಡಿದ್ದರು, ಆಮೇಲೆ ಸರಾಸರಿ ತೆಗೆದಿದ್ದರು. ನಾನು ಓದುವಾಗ ಹಾರಿಸಿದ್ದು ಸರಿಯಾಗಿ ಆ ಭಾಗವನ್ನೇ.

ನಾಣ್ಯಗಳಿಂದ ಅವರು ಇತಿಹಾಸಕ್ಕೆ ಬಂದರು, ಅಲ್ಲಿಂದ ಸಂಸ್ಕೃತಕ್ಕೆ. ಭರ್ತೃಹರಿಯ ಸುಭಾಷಿತಗಳ ಹಸ್ತಪ್ರತಿಗಳನ್ನು ಹೋಲಿಸಿ ಸಂಪಾದಿಸಿದರು. ಪುಣೆಯ ಸುತ್ತಲ ಗುಡ್ಡಗಳಲ್ಲಿ ನಡೆದಾಡಿ ಕಲ್ಲಿನ ಆಯುಧಗಳನ್ನು ಆರಿಸಿದರು, ಹಳ್ಳಿಯ ದೇವತೆಗಳ ಬಗ್ಗೆ ಕೇಳಿ ತಿಳಿದರು. 1956ರಲ್ಲಿ ಭಾರತೀಯ ಇತಿಹಾಸದ ಅಧ್ಯಯನಕ್ಕೆ ಪ್ರವೇಶಿಕೆಯಾಗಿ ಬರೆದ ಗ್ರಂಥ ರಾಜರ ಪಟ್ಟಿಯನ್ನು ಬದಿಗಿಟ್ಟು ನೇಗಿಲು, ಬೆಳೆ, ದುಡಿಯುವವರ ಕಡೆ ತಿರುಗಿತು. ಆಗಲೂ ಅವರ ಉದ್ಯೋಗ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಗಣಿತದ್ದೇ. ಪುಣೆಯ ಮನೆಯಿಂದ ರೈಲಿನಲ್ಲಿ ಓಡಾಡುತ್ತಿದ್ದರು. 1962ರಲ್ಲಿ ಆ ಕೆಲಸ ಮುಂದುವರಿಯಲಿಲ್ಲ. 1965ರಲ್ಲಿ ಪ್ರಾಚೀನ ಭಾರತದ ಸಂಸ್ಕೃತಿಯ ಬಗ್ಗೆ ಇನ್ನೊಂದು ದೊಡ್ಡ ಪುಸ್ತಕ ಬಂತು. ಮರುವರ್ಷ ಜೂನ್‌ನಲ್ಲಿ, 58ರ ವಯಸ್ಸಿನಲ್ಲೇ ತೀರಿಕೊಂಡರು.

ಆ ಪಾಠವನ್ನು ಮುಂದಿನ ಸೋಮವಾರ ಮತ್ತೆ ಮಾಡಿದೆ. ಮೊದಲು ಇಸವಿ ನೋಡಿ ನಾಣ್ಯಗಳನ್ನು ಬೇರ್ಪಡಿಸಿದವಳು ಹಿಂದಿನ ಬೆಂಚಿನ ಅದೇ ಹುಡುಗಿ.