ಡಾಕ್ಟರ್ ಕೋಲ್ಮನ್ನರೂ ಹೂವಿನ ರೋಗವೂ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನೀರಾವರಿ ಬಯಲನ್ನು ಕಂಡವರು ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯದಿರಲಾರರು. ಅದೇ ಬಯಲಿನ ವ್ಯವಸಾಯಕ್ಕೆ ಶಾಸ್ತ್ರದ ತಳಹದಿಯನ್ನು ಹಾಕಿದ ಡಾಕ್ಟರ್ ಲೆಸ್ಲಿ ಕೋಲ್ಮನ್ನರನ್ನು ನೆನೆಯುವವರು ಮಾತ್ರ ವಿರಳ. ಇದು ನಮಗೆ ಶೋಭಿಸತಕ್ಕುದಲ್ಲ.

1878ರಲ್ಲಿ ಕೆನಡಾ ದೇಶದಲ್ಲಿ ಜನಿಸಿ, ಟೊರಾಂಟೊದಲ್ಲಿಯೂ ಜರ್ಮನಿಯಲ್ಲಿಯೂ ವ್ಯಾಸಂಗ ಮಾಡಿದ ಕೋಲ್ಮನ್ನರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಬೆಳೆಗಳನ್ನು ಕಾಡುವ ಶಿಲೀಂಧ್ರಗಳನ್ನೂ ಕೀಟಗಳನ್ನೂ ಪರೀಕ್ಷಿಸುವುದು ಅವರ ಕೆಲಸವಾಗಿತ್ತು. ಮಲೆನಾಡಿನ ಅಡಕೆಯನ್ನು ಹಾಳುಗೆಡವುತ್ತಿದ್ದ ಕೊಳೆರೋಗದ ಮೂಲವನ್ನು ಶೋಧಿಸಿ, 1910ರಲ್ಲಿ ಅದನ್ನು ಪ್ರಕಟಿಸಿದರು. ಮೈಲುತುತ್ತವನ್ನು ಸುಣ್ಣದ ನೀರಿನೊಡನೆ ಬೆರೆಸಿ ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ರೈತರಿಗೆ ಕಲಿಸಿದರು. ತೋಟಗಾರರು ಇಂದಿಗೂ ಅದನ್ನು ಬಿಟ್ಟಿಲ್ಲ. 1913ರಲ್ಲಿ ವ್ಯವಸಾಯ ಇಲಾಖೆಯ ಡೈರೆಕ್ಟರಾದರು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗಶಾಲೆಯೂ, 1931ರಲ್ಲಿ ಮಂಡ್ಯದ ಬಳಿ ಈಗ ವಿ.ಸಿ. ಫಾರಂ ಎಂದು ಹೆಸರಾದ ಪ್ರಯೋಗಕ್ಷೇತ್ರವೂ ಅವರ ಕಾಲದಲ್ಲಿಯೇ ಹುಟ್ಟಿದವು. ಮಂಡ್ಯದ ಸಕ್ಕರೆ ಕಾರ್ಖಾನೆಗಾಗಿಯೂ ದುಡಿದು, 1934ರಲ್ಲಿ ನಿವೃತ್ತರಾಗಿ, 1954ರಲ್ಲಿ ದೈವಾಧೀನರಾದರು.

ಸಿಂಪಡಿಸಿದ ಔಷಧವು ಮಳೆಯೊಡನೆ ತೊಳೆದುಹೋಗುತ್ತದೆ. ಖರ್ಚು ವರ್ಷವರ್ಷವೂ ಮರಳಿ ಬರುತ್ತದೆ. ಬೀಜದಲ್ಲಿಯೇ ಅಡಗಿದ ರೋಗನಿರೋಧ ಶಕ್ತಿಯಾದರೋ ವಂಶಪಾರಂಪರ್ಯವಾಗಿ ಉಳಿಯುತ್ತದೆ. ಇದನ್ನು ಅರಿತೇ ಬಾಳೆಹೊನ್ನೂರಿನಲ್ಲಿ ತುಕ್ಕುರೋಗವನ್ನು ತಡೆಯುವ ಕಾಫಿ ತಳಿಗಳ ಆಯ್ಕೆ ನಡೆಯಿತು. ಆದರೆ ತುಕ್ಕಿನ ಶಿಲೀಂಧ್ರದಲ್ಲಿಯೂ ಬೇರೆಬೇರೆ ಪಂಗಡಗಳುಂಟೆಂದೂ, ಒಂದಕ್ಕೆ ಸೋಲದ ಗಿಡವು ಇನ್ನೊಂದಕ್ಕೆ ಸೋಲಬಹುದೆಂದೂ ಅಲ್ಲಿಯ ಮೇಯ್ನ್ ಎಂಬ ವಿಜ್ಞಾನಿಯು 1932ರಲ್ಲಿ ತೋರಿಸಿದರು.

ಕಾಫಿಗೆ ಸಲ್ಲುವ ಈ ನ್ಯಾಯವು ಅಲಂಕಾರದ ಹೂಗಿಡಗಳಿಗೂ ಸಲ್ಲುತ್ತದೆ. ಗುಲಾಬಿಯ ಎಲೆಯನ್ನು ಉದುರಿಸುವ ಕಪ್ಪುಚುಕ್ಕೆ ರೋಗವನ್ನು ತಡೆಯುವ ಆರ್‌ಡಿಆರ್1 ಎಂಬ ವಂಶವಾಹಿಯು ತಾಯಿತಂದೆ ಗಿಡಗಳಲ್ಲಿ ಒಂದರಿಂದ ಬಂದರೂ ಸಾಕು, ಗಿಡಕ್ಕೆ ರಕ್ಷಣೆ ದೊರೆಯುತ್ತದೆ. ಆದರೆ ರೋಗದ ಎಲ್ಲ ಪಂಗಡಗಳೂ ಅದಕ್ಕೆ ಮಣಿಯುವುದಿಲ್ಲ. ಇದಕ್ಕೆ ವಿರುದ್ಧವಾಗಿ, ರೋಗಕ್ಕೆ ಬಾಗಿಲು ತೆರೆಯುವ ವಂಶವಾಹಿಗಳೂ ಉಂಟು. ಎಂಎಲ್‌ಓ ಎಂಬುದು ಕೆಟ್ಟುಹೋದ ಬಾರ್ಲಿಯನ್ನು ಬೂದಿರೋಗವು ಹೊಗಲಾರದು. ಪೆಟೂನಿಯ ಹೂಗಿಡದಲ್ಲಿಯೂ ಅಂತಹ ಒಂದು ವಂಶವಾಹಿಯನ್ನು ಅಡಗಿಸಿದಾಗ ಬೂದಿರೋಗವು ತಗ್ಗಿತು.

ಬಣ್ಣವನ್ನೂ ಗಾತ್ರವನ್ನೂ ಮಾತ್ರ ನೋಡಿ ಗಿಡವನ್ನು ಆರಿಸುವವರು, ಅದರ ವಂಶದ ದೌರ್ಬಲ್ಯಕ್ಕೆ ಮುಂದೆ ಔಷಧದಂಗಡಿಯಲ್ಲಿ ದಂಡ ತೆರಬೇಕಾಗುತ್ತದೆ. ಸಣ್ಣ ಹಿಡುವಳಿಯ ಹೂಬೆಳೆಗಾರನಿಗೆ ಈ ದಂಡವು ಅಲ್ಪವಾದುದಲ್ಲ. ಸಸಿಯನ್ನು ಕೊಳ್ಳುವಾಗ ಹೂವಿನ ಚೆಲುವಿನೊಡನೆ ಅದರ ರೋಗಚರಿತ್ರೆಯನ್ನೂ ವಿಚಾರಿಸತಕ್ಕದ್ದು. ಹೊಸ ತಳಿಗಳನ್ನು ಬೇರೆಬೇರೆ ಊರುಗಳ ರೋಗದೆದುರು ಪರೀಕ್ಷಿಸಿಯೇ ರೈತರ ಕೈಗೆ ಕೊಡತಕ್ಕದ್ದು. ಪರದೇಶದಲ್ಲಿ ಹುಟ್ಟಿ ನಮ್ಮ ರೈತರಿಗಾಗಿ ಆಯುಷ್ಯದ ಉತ್ತಮ ಭಾಗವನ್ನು ಸವೆಸಿದ ಕೋಲ್ಮನ್ನರಿಗೆ ಮಂಡ್ಯದ ಬಯಲು ಸಲ್ಲಿಸಬಹುದಾದ ನಿಜವಾದ ಗೌರವವು ಇದೇ ಎಂದು ನಾವು ಭಾವಿಸುತ್ತೇವೆ.